ಗೋಪುರ ಎಂದರೆ ಎತ್ತರದ ಕಟ್ಟಡವೇ? ಒಂದು ಪದದ ಅರ್ಥ, ಮೂಲ ಮತ್ತು ಸುತ್ತಲಿನ ನಂಬಿಕೆಗಳು

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸಿನ ದಾರಿಯಲ್ಲಿ ಉಣಕಲ್ ಸಿಗುತ್ತದೆ. ಅಲ್ಲಿ ಮನೆಗಳ ನಡುವೆ ಒತ್ತಿಕೊಂಡಂತೆ ನಿಂತಿರುವ ಚಂದ್ರಮೌಳೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು, ಸುಮಾರು 900 ವರ್ಷ ಹಳೆಯದು. ಮೊದಲ ಸಲ ನೋಡಲು ಬಂದವರ ಬಾಯಲ್ಲಿ ಸಾಮಾನ್ಯವಾಗಿ ಬರುವ ಪ್ರಶ್ನೆ ಒಂದಿದೆ: ‘ಇಷ್ಟ್ ಚಲೋ ಗುಡಿ, ಇದಕ್ಕ ಗೋಪುರ ಯಾಕ ಇಲ್ರಿ?’ ಬಿದ್ದು ಹೋಗಿರಬೇಕು, ಯಾರೋ ಕೆಡವಿರಬೇಕು, ದುಡ್ಡು ಸಾಲದೆ ಅರ್ಧಕ್ಕೆ ನಿಲ್ಲಿಸಿರಬೇಕು ಎಂದು ಜೊತೆಯವರು ಉತ್ತರವನ್ನೂ ಕೊಟ್ಟುಬಿಡುತ್ತಾರೆ.

ಈ ಗುಡಿಗೆ ಗೋಪುರ ಇರಬೇಕಾಗಿಯೇ ಇರಲಿಲ್ಲ. ಇದು ಅರ್ಥವಾಗಬೇಕಾದರೆ ‘ಗೋಪುರ’ ಎಂಬ ಪದ ಮೊದಲು ಏನನ್ನು ಹೇಳುತ್ತಿತ್ತು ಎಂದು ನೋಡಬೇಕು. ಇಂದು ನಾವು ಎತ್ತರವಾಗಿ ನಿಂತದ್ದನ್ನೆಲ್ಲ ಗೋಪುರ ಎನ್ನುತ್ತೇವೆ. ಪೀಸಾದ ವಾಲುಗೋಪುರ, ಐಫೆಲ್ ಗೋಪುರ, ಗಡಿಯಾರ ಗೋಪುರ, ಕಾವಲು ಗೋಪುರ, ದೂರಸಂಪರ್ಕ ಗೋಪುರ ಎಲ್ಲವೂ ಶಾಲೆಯ ಪುಸ್ತಕದಲ್ಲೂ ಪತ್ರಿಕೆಯಲ್ಲೂ ಇವೆ. ಆದರೆ ಪದದ ಹಳೆಯ ಅರ್ಥದಲ್ಲಿ ಎತ್ತರದ ಸುಳಿವೇ ಇಲ್ಲ.

ಅದು ಬಾಗಿಲು

ಸಂಸ್ಕೃತದ ಹಳೆಯ ಕೋಶಗಳಲ್ಲಿ ಹೆಸರಾದ ಅಮರಕೋಶದಲ್ಲಿ ಊರು, ಪೇಟೆ, ಕೋಟೆಗಳ ಪದಗಳನ್ನು ಒಟ್ಟುಮಾಡಿದ ಭಾಗವಿದೆ. ಅಲ್ಲಿ ಗೋಪುರಕ್ಕೆ ಕೊಟ್ಟಿರುವ ಅರ್ಥ ಪುರದ್ವಾರ, ಅಂದರೆ ಊರಬಾಗಿಲು. ಒಂದು ಪದಕ್ಕೆ ಹಲವು ಅರ್ಥಗಳನ್ನು ಹೇಳುವ ಭಾಗದಲ್ಲಿ ಯಾವುದೇ ಬಾಗಿಲಿಗೂ ಗೋಪುರ ಎನ್ನಬಹುದು ಎಂದಿದೆ. ರಾಮಾಯಣ, ಮಹಾಭಾರತಗಳಲ್ಲಿ ಪಟ್ಟಣಗಳ ವರ್ಣನೆ ಬಂದಾಗ ಬರುವ ಗೋಪುರಗಳೂ ಊರಿನ ಹೆಬ್ಬಾಗಿಲುಗಳೇ. 1899ರಲ್ಲಿ ಬಂದ ಮೊನಿಯರ್ ವಿಲಿಯಮ್ಸ್ ಅವರ ಸಂಸ್ಕೃತ ಕೋಶದಲ್ಲೂ ಮೊದಲ ಅರ್ಥ ಊರಬಾಗಿಲು. ದೇವಸ್ಥಾನದ ಅಲಂಕೃತ ಬಾಗಿಲು ಎಂಬುದು ಆಮೇಲಿನದು. (ಅಮರಕೋಶದ ಗಿಡಮೂಲಿಕೆಗಳ ಭಾಗದಲ್ಲಿ ಇದೇ ಪದ ಮುಸ್ತಕದ ಜಾತಿಯ ಒಂದು ಸಸ್ಯಕ್ಕೂ ಹೆಸರು. ನಮ್ಮ ಹೊಲಗಳಲ್ಲಿ ಕಿತ್ತಷ್ಟೂ ಮತ್ತೆ ಏಳುವ ಕೊನ್ನಾರಿಗಡ್ಡೆಯ ಬಳಗ ಅದು. ಗೋಪುರ ಎಂಬ ಹೆಸರು ಹೊತ್ತದ್ದರಲ್ಲಿ ಇಷ್ಟು ಕುಳ್ಳಗಿನದು ಬೇರೆ ಇರಲಾರದು.)

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಕೋಟೆ ಕಟ್ಟುವ ವಿಧಾನ ಬರುತ್ತದೆ. ಪ್ರಾಕಾರದ ಗೋಡೆ ಎಷ್ಟಿರಬೇಕು, ಕಂದಕ ಎಷ್ಟು ಆಳ, ಬಾಗಿಲು ಹೇಗೆ ಎಂಬ ಲೆಕ್ಕಗಳೆಲ್ಲ ಅಲ್ಲಿವೆ. ಬಾಗಿಲಿನ ಬಗ್ಗೆ ಹೇಳುವಾಗ ಗೋಧೆಯ ಮುಖದಂತಿರುವ ಗೋಪುರ ಕಟ್ಟಿಸಬೇಕು ಎಂಬ ಮಾತಿದೆ. ಗೋಧೆ ಎಂದರೆ ಉಡ. ಮುಂದಕ್ಕೆ ಚಾಚಿದ ಉಡದ ಮೋರೆಯ ಆಕಾರದ ಬಾಗಿಲು ಎಂದು ಊಹಿಸಿಕೊಳ್ಳಬಹುದು. ಹಾಗಾದರೆ ಅದೇ ಕೋಟೆಯ ಮೇಲಿನ ಎತ್ತರದ ಕಾವಲು ಕಟ್ಟಡಕ್ಕೆ ಏನನ್ನುತ್ತಾರೆ? ಅದಕ್ಕೆ ಬೇರೆಯೇ ಪದವಿದೆ: ಅಟ್ಟಾಲಕ. ಕೌಟಿಲ್ಯ ಎರಡನ್ನೂ ಬೆರೆಸುವುದಿಲ್ಲ.

ಈ ಅಟ್ಟಾಲಕ ಎಲ್ಲಿಗೆ ಹೋಯಿತು ಎಂದು ಹುಡುಕಿದರೆ ಸ್ವಾರಸ್ಯವಿದೆ. ಜೋಳದ ತೆನೆಗೆ ಹಕ್ಕಿ ಬೀಳದಂತೆ ಕವಣೆ ಹಿಡಿದು ಕೂರುವ ಹೊಲದ ಅಟ್ಟಣಿಗೆ, ಮನೆಯೊಳಗೆ ಹಳೆಯ ಪಾತ್ರೆ, ಬೆಳ್ಳುಳ್ಳಿ ಗೊಂಚಲು ಏರಿಸಿಡುವ ಅಟ್ಟ, ಇವೆಲ್ಲ ಅದೇ ಕುಲದ ಮಾತುಗಳು. ಎತ್ತರದ ಕಟ್ಟಡವನ್ನು ಹೇಳುತ್ತಿದ್ದ ಪದ ಮನೆಯ ಅಟ್ಟಕ್ಕೆ ಇಳಿದಿದೆ, ಬಾಗಿಲನ್ನು ಹೇಳುತ್ತಿದ್ದ ಪದ ಮುಗಿಲಿಗೆ ಏರಿದೆ.

ಗೋವಿನ ಊರೇ?

‘ಗೋ ಎಂದರೆ ಆಕಳು, ಪುರ ಎಂದರೆ ಊರು. ಹಿಂದೆ ಹಳ್ಳಿಯ ದನಕರುಗಳು ಬೇಲಿಯ ಬಾಗಿಲಿನಿಂದ ಒಳಗೆ ಬರುತ್ತಿದ್ದವು, ಆ ಬಾಗಿಲೇ ಗೋಪುರ.’ ಈ ವಿವರಣೆ ಎಲ್ಲರಿಗೂ ಗೊತ್ತು. ವಾಟ್ಸ್ಯಾಪಿನಲ್ಲಷ್ಟೇ ಅಲ್ಲ, ಕಲೆಯ ಇತಿಹಾಸ ಹೇಳುವ ಗಂಭೀರ ಪುಸ್ತಕಗಳಲ್ಲೂ ಇದು ಕಾಣಿಸುತ್ತದೆ. ಇದನ್ನು ತಳ್ಳಿಹಾಕುವಂತೆಯೂ ಇಲ್ಲ. ದನದಿಂದ ಹುಟ್ಟಿ ದನವನ್ನು ಮರೆತ ಪದಗಳು ನಮ್ಮಲ್ಲಿ ಇನ್ನೂ ಇವೆ. ಕಿಟಕಿಗೆ ಹೇಳುವ ಗವಾಕ್ಷಿಯಲ್ಲಿ ಇರುವುದು ಗೋವಿನ ಅಕ್ಷಿ, ಅಂದರೆ ಕಣ್ಣು. ಕವಿಗೋಷ್ಠಿ, ಪತ್ರಿಕಾಗೋಷ್ಠಿ ಎನ್ನುವಾಗಿನ ಗೋಷ್ಠಿಯ ಹಿಂದೆ ಇರುವುದು ಗೋಷ್ಠ, ಎಂದರೆ ದನದ ಹಟ್ಟಿ. ದನಗಳು ಸೇರುವ ಜಾಗ ಜನ ಸೇರುವ ಕೂಟವಾಗಿದೆ. ಹಾಗಿರುವಾಗ ದನದ ಬಾಗಿಲು ಊರಬಾಗಿಲಾದರೆ ಆಶ್ಚರ್ಯವಿಲ್ಲ.

ಆದರೆ ಆಗಿರಬಹುದು ಎಂಬುದೇ ಬೇರೆ, ಆಗಿದೆ ಎಂಬುದೇ ಬೇರೆ. ಇದೇ ಪದಕ್ಕೆ ಇನ್ನೂ ಎರಡು ವಿವರಣೆಗಳಿವೆ. ಸಂಸ್ಕೃತ ವ್ಯಾಕರಣದ ದಾರಿಯಲ್ಲಿ ಹೋದವರು ಇದನ್ನು ಕಾಪಾಡು ಎಂಬ ಅರ್ಥದ ‘ಗುಪ್’ ಧಾತುವಿನಿಂದ ಬಿಡಿಸುತ್ತಾರೆ. ಗೋಪನ, ಗುಪ್ತ ಎಂಬ ಪದಗಳು ಬಂದಿರುವುದು ಅದರಿಂದಲೇ. ಆ ಲೆಕ್ಕದಲ್ಲಿ ಗೋಪುರ ಎಂದರೆ ಊರನ್ನು ಕಾಯುವಂಥದ್ದು. ತಮಿಳಿನ ಕಡೆಯಿಂದ ನೋಡುವವರು ‘ಕೋ’ ಎಂದರೆ ಅರಸ, ದೊರೆ. ದೊರೆಯ ಅಥವಾ ದೇವರ ಮನೆಯ ಹೊರಭಾಗ ಎಂದು ಅರ್ಥ ಮಾಡುತ್ತಾರೆ. ತಮಿಳುನಾಡಿನ ಗೋಪುರಗಳನ್ನು ಕಂಡವರಿಗೆ ಈ ವಿವರಣೆ ಹಿಡಿಸುತ್ತದೆ. ಆದರೆ ಅದಕ್ಕೊಂದು ತೊಡಕಿದೆ: ಆ ದೈತ್ಯ ಗೋಪುರಗಳು ಏಳುವುದಕ್ಕೆ ನೂರಾರು ವರ್ಷ ಮೊದಲೇ ಉತ್ತರದ ಸಂಸ್ಕೃತ ಗ್ರಂಥಗಳಲ್ಲಿ ಪದ ಊರಬಾಗಿಲಿನ ಅರ್ಥದಲ್ಲಿ ಓಡಾಡುತ್ತಿತ್ತು. ದಕ್ಷಿಣದಿಂದ ಬಹಳ ಹಿಂದೆಯೇ ಹೋಗಿರಬಹುದು ಎಂಬ ವಾದಕ್ಕೆ ಅದರಿಂದ ಬಾಗಿಲು ಮುಚ್ಚುವುದಿಲ್ಲ ಎನ್ನುವುದೂ ನಿಜ.

ಈ ಮೂರರಲ್ಲಿ ಒಂದನ್ನು ಆರಿಸುವ ವಿಷಯದಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಪದವನ್ನು ಎರಡು ತುಂಡು ಮಾಡಿ ಪ್ರತಿ ತುಂಡಿಗೂ ಅರ್ಥ ಹಚ್ಚಿದ ಮಾತ್ರಕ್ಕೆ ಮೂಲ ಸಿಕ್ಕಿತು ಎನ್ನುವುದನ್ನು ನಾವು ಯಾವ ಪದದ ವಿಷಯದಲ್ಲೂ ಒಪ್ಪುವುದಿಲ್ಲ. ಹಾಗೆ ಮಾಡಿದರೆ ಯಾವ ಪದದಿಂದ ಯಾವ ಕಥೆಯನ್ನಾದರೂ ತೆಗೆಯಬಹುದು. ಆದರೆ ಒಂದು ಸಂಗತಿ ನೋಡಿ: ಆಕಳ ಕಥೆ, ಕಾವಲಿನ ಕಥೆ, ದೊರೆಯ ಕಥೆ ಮೂರೂ ಕೊನೆಗೆ ಬಂದು ನಿಲ್ಲುವುದು ಒಳಗೂ ಹೊರಗೂ ನಡುವಿನ ಗಡಿಯಲ್ಲಿ, ಬಾಗಿಲಲ್ಲಿ. ಎತ್ತರ ಯಾವ ಕಥೆಯಲ್ಲೂ ಇಲ್ಲ.

ಅಂದಹಾಗೆ ಧಾರವಾಡ ಎಂಬ ಹೆಸರಿಗೂ ಸಾಮಾನ್ಯವಾಗಿ ಹೇಳುವ ವಿವರಣೆ ಬಾಗಿಲಿನದೇ. ದ್ವಾರವಾಟ, ಅಂದರೆ ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಬಾಗಿಲೂರು. ಹಳೆಯ ಅರ್ಥವನ್ನೇ ಹಿಡಿದರೆ ಊರಿಗೆ ಊರೇ ಗೋಪುರ.

ಬಾಗಿಲು ಬೆಳೆದದ್ದು ಹೇಗೆ

ಬಾಗಿಲಿನ ಹೆಸರು ಎತ್ತರದ ಹೆಸರಾದದ್ದು ಕಟ್ಟಡಗಳು ಬದಲಾದದ್ದರಿಂದ. ಕಾಂಚೀಪುರದ ಕೈಲಾಸನಾಥ ದೇವಾಲಯದಂಥ ಪಲ್ಲವರ ಕಾಲದ ಗುಡಿಗಳಲ್ಲಿ ಪ್ರಾಕಾರದ ಬಾಗಿಲ ಮೇಲಿನ ಕಟ್ಟಡ ಚಿಕ್ಕದು, ಗರ್ಭಗುಡಿಯ ಮೇಲಿನದೇ ದೊಡ್ಡದು. 1010ರ ಹೊತ್ತಿಗೆ ರಾಜರಾಜ ಚೋಳ ತಂಜಾವೂರಿನಲ್ಲಿ ಕಟ್ಟಿಸಿದ ಬೃಹದೀಶ್ವರದಲ್ಲೂ ಇದೇ ಕ್ರಮ. ಗರ್ಭಗುಡಿಯ ಮೇಲಿನ ವಿಮಾನ 60 ಮೀಟರಿನ ಆಸುಪಾಸು ಎತ್ತರವಿದೆ. ಅದರ ಮುಂದಿರುವ ಎರಡು ಗೋಪುರಗಳು ಅದಕ್ಕಿಂತ ಬಹಳ ಗಿಡ್ಡ. ನಾವು ‘ತಂಜಾವೂರಿನ ಗೋಪುರ’ ಎಂದು ತೋರಿಸುವ ಚಿತ್ರ ಗೋಪುರದ್ದಲ್ಲ, ವಿಮಾನದ್ದು.

ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಇದು ತಿರುಗಿತು. ಚಿದಂಬರದಲ್ಲಿ ನಾಲ್ಕು ದಿಕ್ಕಿನ ಗೋಪುರಗಳು ಎದ್ದವು, ಒಳಗಿನ ಗರ್ಭಗುಡಿ ಪುಟ್ಟದಾಗಿಯೇ ಉಳಿಯಿತು. ಇತಿಹಾಸಕಾರರು ಕೊಡುವ ಕಾರಣ ಸರಳವಾಗಿದೆ. ಹಳೆಯ, ಪವಿತ್ರವಾದ ಗರ್ಭಗುಡಿಯನ್ನು ಕೆಡವಿ ದೊಡ್ಡದು ಮಾಡಲು ಆಗುವುದಿಲ್ಲ. ಹೊಸ ದೊರೆಗೆ, ಹೊಸ ದಾನಿಗೆ ತನ್ನದೊಂದು ಗುರುತು ಬೇಕು. ಆಗ ಉಳಿಯುವ ದಾರಿ ಹೊರಗೆ ಇನ್ನೊಂದು ಸುತ್ತು ಗೋಡೆ ಹಾಕಿ ಅದರ ಬಾಗಿಲನ್ನು ಹಿಂದಿನದಕ್ಕಿಂತ ಎತ್ತರ ಮಾಡುವುದು. ಹೀಗೆ ಹೊರಗೆ ಹೊರಗೆ ಹೋದಂತೆ ಗೋಪುರ ಬೆಳೆಯುತ್ತ ಹೋಯಿತು. ದೂರದಿಂದ ಬರುವ ಯಾತ್ರಿಕನಿಗೆ ಮೊದಲು ಕಾಣುವುದು ಅದೇ ಆದ್ದರಿಂದ ಅದೇ ದೇವಸ್ಥಾನದ ಗುರುತಾಯಿತು.

ವಿಜಯನಗರದ ಕಾಲದಲ್ಲಿ ಈ ಪದ್ಧತಿ ಕರ್ನಾಟಕದಲ್ಲೂ ಬಲವಾಯಿತು. ರಾಯಗೋಪುರ ಎಂಬ ಮಾತು ಆ ರಾಯರದೇ. ಹಂಪಿಯ ವಿರೂಪಾಕ್ಷ ದೇವಸ್ಥಾನದ ಪೂರ್ವದ ದೊಡ್ಡ ಗೋಪುರ ಸುಮಾರು 50 ಮೀಟರ್ ಎತ್ತರವಿದೆ. ಇವುಗಳನ್ನು ಕಟ್ಟುವ ರೀತಿಯನ್ನು ಗಮನಿಸಿ. ಬಾಗಿಲು ಮತ್ತು ಅದರ ಅಕ್ಕಪಕ್ಕ ಗಟ್ಟಿ ಕಲ್ಲು. ಅದರ ಮೇಲಿನ ಅಂತಸ್ತುಗಳೆಲ್ಲ ಇಟ್ಟಿಗೆ ಮತ್ತು ಗಾರೆ, ಒಳಗೆ ಟೊಳ್ಳು. ಮೇಲೆ ಮೇಲೆ ಹೋದಂತೆ ಅಂತಸ್ತು ಕಿರಿದಾಗುತ್ತದೆ. ನಡುವೆ ದಾರಿ ಬಿಟ್ಟು ಮೇಲೆ ಎತ್ತರ ಏರಿಸಬೇಕಾದರೆ ಭಾರ ಕಡಿಮೆ ಇರಲೇಬೇಕು, ಇಲ್ಲವಾದರೆ ಬಾಗಿಲ ಮೇಲಿನ ತೊಲೆಗಲ್ಲು ಸೀಳುತ್ತದೆ. ಹಂಪಿಯ ವಿಠಲ ದೇವಸ್ಥಾನದ ಗೋಪುರಗಳಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ: ಕೆಳಗಿನ ಕಲ್ಲು ನಿಂತಿದೆ, ಮೇಲಿನ ಇಟ್ಟಿಗೆ ಕಳಚಿದೆ.

ತೀರ ಎತ್ತರದವು ನಮ್ಮ ಕಾಲದವೇ. ತಮಿಳುನಾಡಿನ ಶ್ರೀರಂಗದ ರಾಜಗೋಪುರ ಶತಮಾನಗಳ ಕಾಲ ಅರೆಬರೆಯಾಗಿ ನಿಂತು 1987ರಲ್ಲಿ ಪೂರ್ಣವಾಯಿತು, ಎತ್ತರ ಸುಮಾರು 72 ಮೀಟರ್. ಉತ್ತರ ಕನ್ನಡದ ಮುರುಡೇಶ್ವರದ 20 ಅಂತಸ್ತಿನ ಗೋಪುರವೂ 70 ಮೀಟರ್ ದಾಟುತ್ತದೆ. ಅದರ ಒಳಗೆ ಲಿಫ್ಟ್ ಇದೆ, ಟಿಕೆಟ್ ತೆಗೆದುಕೊಂಡು ಮೇಲೆ ಹೋಗಿ ಸಮುದ್ರ ನೋಡಿ ಬರಬಹುದು. ಬಾಗಿಲಾಗಿದ್ದದ್ದು ಬಾಲ್ಕನಿಯೂ ಆಗಿದೆ.

ಹಾಗಾದರೆ ನಮ್ಮ ಕಡೆ?

ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಹಳೆಯ ಗುಡಿಗಳು ಹೆಚ್ಚಿನವು ಚಾಲುಕ್ಯರ ಕಾಲದವು. ಉಣಕಲ್, ಅಮರಗೋಳ, ಕುಂದಗೋಳ, ಅಣ್ಣಿಗೇರಿ, ಸ್ವಲ್ಪ ದೂರ ಹೋದರೆ ಲಕ್ಕುಂಡಿ. ಈ ಶಿಲ್ಪಿಗಳು ತಮ್ಮ ಕಸುಬನ್ನೆಲ್ಲ ಸುರಿದದ್ದು ಗರ್ಭಗುಡಿಯ ಮೇಲಿನ ಶಿಖರದಲ್ಲಿ, ಬಾಗಿಲವಾಡದಲ್ಲಿ, ತಿರುಗಣಿಯಲ್ಲಿ ಕಡೆದಂಥ ಕಂಬಗಳಲ್ಲಿ, ಜಾಲಂಧ್ರಗಳಲ್ಲಿ. ಪ್ರಾಕಾರದ ಬಾಗಿಲ ಮೇಲೆ ಎತ್ತರ ಏರಿಸುವುದು ಅವರ ಪದ್ಧತಿಯಲ್ಲಿ ಇರಲಿಲ್ಲ. ಅಣ್ಣಿಗೇರಿಯ ಅಮೃತೇಶ್ವರ ಗುಡಿಯ ಮೇಲೆ ಕಾಣುವ ಕಲ್ಲಿನ ರಚನೆಯನ್ನು ಎಲ್ಲರೂ ಗೋಪುರ ಎನ್ನುತ್ತಾರೆ. ಅದು ಶಿಖರ, ಕೆಳಗೆ ದೇವರು ಇರುವ ಜಾಗ. ಗೋಪುರದ ಕೆಳಗೆ ಇರುವುದು ದಾರಿ. ಎರಡನ್ನೂ ಗುರುತಿಸಲು ಇದಕ್ಕಿಂತ ಸುಲಭದ ಸೂತ್ರ ಬೇಕಿಲ್ಲ: ಕೆಳಗೆ ನಡೆದು ಹೋಗಬಹುದೇ? ಹೌದಾದರೆ ಗೋಪುರ.

ದೇಹವನ್ನೇ ದೇಗುಲವೆನ್ನುವ ಬಸವಣ್ಣನವರ ಪ್ರಸಿದ್ಧ ವಚನವನ್ನು ನೆನೆಸಿಕೊಳ್ಳಿ. ಅದರಲ್ಲಿ ಕಂಬವಿದೆ, ದೇಗುಲವಿದೆ, ಕಳಶವಿದೆ, ಗೋಪುರವಿಲ್ಲ. ಹನ್ನೆರಡನೆಯ ಶತಮಾನದ ಈ ಸೀಮೆಯಲ್ಲಿ ಗುಡಿ ಎಂದರೆ ಕಣ್ಣಮುಂದೆ ಬರುತ್ತಿದ್ದ ಚಿತ್ರ ಅದೇ. ಹಾಗೆಂದು ಪದ ಇಲ್ಲಿಯವರಿಗೆ ಗೊತ್ತಿರಲಿಲ್ಲ ಎಂದೇನೂ ಅಲ್ಲ. ಜೈನರ ಸಮವಸರಣದ ಕಲ್ಪನೆಯಲ್ಲಿ ಸುತ್ತು ಕೋಟೆಗಳ ನಾಲ್ಕು ದಿಕ್ಕಿಗೂ ಗೋಪುರಗಳಿರುತ್ತವೆ. ಅಲ್ಲಿಯೂ ಅವು ಬಾಗಿಲುಗಳೇ.

ಬೇಲೂರಿಗೆ ಹೋದವರು ಇನ್ನೊಂದು ಬಗೆಯಲ್ಲಿ ಮೋಸ ಹೋಗುತ್ತಾರೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಸ್ಥಾನದ ಹೆಬ್ಬಾಗಿಲಲ್ಲಿ ನಿಂತಿರುವ ಗೋಪುರ ಹೊಯ್ಸಳರದ್ದಲ್ಲ, ವಿಜಯನಗರದ ಹರಿಹರನ ದಂಡನಾಯಕ ಗುಂಡ 1397ರಲ್ಲಿ ಕಟ್ಟಿಸಿದ್ದು. ಹೊಯ್ಸಳರ ಸ್ವಂತ ಶಿಖರ ಗರ್ಭಗುಡಿಯ ಮೇಲೆ ಇತ್ತು. ಕೆಳಗಿನ ಕಟ್ಟಡಕ್ಕೆ ಅಪಾಯವೆಂದು ಅದನ್ನು 1879ರಲ್ಲಿ ತೆಗೆದರು. ಅಂದರೆ ಇಂದು ಅಲ್ಲಿ ಗೋಪುರ ಇದೆ, ಶಿಖರ ಇಲ್ಲ. ಎರಡಕ್ಕೂ ಒಂದೇ ಹೆಸರು ಹೇಳುವವರಿಗೆ ಕಳೆದುಹೋದದ್ದು ಏನು ಎಂಬುದೇ ಗೊತ್ತಾಗುವುದಿಲ್ಲ.

ಇದು ಬರೀ ಪದದ ಚರ್ಚೆಯಲ್ಲ. ಈಗ ನಮ್ಮ ಹಳ್ಳಿಗಳಲ್ಲಿ ಜೀರ್ಣೋದ್ಧಾರ ಎಂದ ಕೂಡಲೇ ಮೊದಲ ಮಾತು ಗೋಪುರದ್ದು. ಗೋಪುರವಿಲ್ಲದ ಗುಡಿ ಅಪೂರ್ಣ ಎಂಬ ನಂಬಿಕೆಯಿಂದ, ಹಳೆಯ ಕಲ್ಲಿನ ಗುಡಿಯ ಮುಂದೆ, ಕೆಲವು ಕಡೆ ಅದರ ಮೇಲೆಯೇ ಸಿಮೆಂಟಿನ ಬಣ್ಣದ ಅಂತಸ್ತುಗಳು ಏಳುತ್ತವೆ. ಊರಿನ ಜನ ತಮ್ಮ ದುಡ್ಡಿನಲ್ಲಿ ಹೊಸ ಗುಡಿಗೆ ಏನು ಕಟ್ಟಿಕೊಂಡರೂ ಅದು ಅವರ ಸಂತೋಷ. ಆದರೆ ಸಾವಿರ ವರ್ಷದ ಹಿಂದೆ ತನ್ನ ಭಾರವನ್ನಷ್ಟೇ ಲೆಕ್ಕ ಹಾಕಿ ಗಾರೆಯಿಲ್ಲದೆ ಜೋಡಿಸಿದ ಕಲ್ಲಿನ ಮೇಲೆ ಕಾಂಕ್ರೀಟಿನ ಭಾರ ಹೇರಿದರೆ ತೊಲೆ ಬಿರಿಯುತ್ತದೆ, ನೀರು ಇಳಿಯುತ್ತದೆ. ಕೇಂದ್ರ ಪುರಾತತ್ವ ಇಲಾಖೆ ರಕ್ಷಿಸಿರುವ ಸ್ಮಾರಕವಾದರೆ 2010ರ ತಿದ್ದುಪಡಿಯ ಪ್ರಕಾರ ಸುತ್ತಲಿನ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಯಾವ ಪಟ್ಟಿಯಲ್ಲೂ ಸೇರದ ಗುಡಿಗಳೇ ಹೆಚ್ಚು, ಅವಕ್ಕೆ ಊರವರ ತಿಳುವಳಿಕೆಯೇ ಕಾವಲು.

ಗುಮ್ಮಟ, ಬುರುಜು, ಹುಡೇ, ಟವರ್

ಎತ್ತರದ ರಚನೆಗಳಿಗೆ ನಮ್ಮ ಭಾಗದಲ್ಲಿ ಪದಗಳ ಕೊರತೆ ಎಂದೂ ಇರಲಿಲ್ಲ. ವಿಜಯಪುರದ ಗೋಳಗುಮ್ಮಟದ ಗುಮ್ಮಟ ಪಾರಸಿಯ ಗುಂಬದ್‌ನಿಂದ ಬಂದದ್ದು, ಶ್ರವಣಬೆಳಗೊಳದ ಗೊಮ್ಮಟನಿಗೂ ಅದಕ್ಕೂ ನಂಟಿಲ್ಲ. ಮಿನಾರು ಅರಬ್ಬಿಯದು, ಬೆಳಕು ಇಡುವ ಜಾಗ ಎಂಬುದು ಅದರ ಹಳೆಯ ಅರ್ಥ. ದೀಪಸ್ತಂಭಕ್ಕೂ ಅದೇ ಪದ. ಬುರುಜು ಕೂಡ ಅರಬ್ಬಿಯಿಂದ ಬಂದದ್ದು, ಅದರ ಹಿಂದೆ ಗ್ರೀಕಿನ ಪಿರ್ಗೊಸ್ ಇದೆ ಎನ್ನುತ್ತಾರೆ. ವಿಜಯಪುರದಲ್ಲಿ 1584ರ ಸುಮಾರಿಗೆ ಹೈದರ್ ಖಾನ್ ಕಟ್ಟಿಸಿದ 80 ಅಡಿಯ ಉಪ್ಲಿ ಬುರುಜಿಗೂ ದುಬೈನ 828 ಮೀಟರಿನ ಬುರ್ಜ್ ಖಲೀಫಾಕ್ಕೂ ಹೆಸರು ಒಂದೇ.

ಹಳ್ಳಿಗಳಲ್ಲಿ ಹುಡೇ ಅಥವಾ ಹುಡೇವು ಎಂಬ ಪದವಿತ್ತು, ಈಗಲೂ ಕೆಲವರಿಗೆ ಗೊತ್ತು. ಊರಿನ ಕಾವಲಿಗೆ ಕಲ್ಲು ಮಣ್ಣಿನಲ್ಲಿ ಕಟ್ಟಿದ ದುಂಡನೆಯ ಎತ್ತರದ ಕಟ್ಟೆ ಅದು. ಮರಾಠಿಯಲ್ಲೂ ಹುಡಾ ಇದೆ. ಬಹಳ ಊರುಗಳಲ್ಲಿ ಹುಡೇ ಕುಸಿದು ಮಣ್ಣುಗುಡ್ಡೆಯಾಗಿದೆ, ಪದ ಹುಡೇದ ಎಂಬ ಅಡ್ಡಹೆಸರಿನಲ್ಲಿ ಉಳಿದಿದೆ. ಕಾವಲು ಗೋಪುರ ಎಂದು ಪುಸ್ತಕದ ಮಾತು ಬರೆಯುವವರಿಗೆ ಈ ಪದ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು.

ಇವೆಲ್ಲವನ್ನೂ ಈಗ ಹಿಂದೆ ಹಾಕಿರುವುದು ಟವರ್. ಲ್ಯಾಟಿನ್ನಿನ ಟುರ್ರಿಸ್, ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿನ ಟವರ್, ಅಲ್ಲಿಂದ ನಮ್ಮ ಬಾಯಿಗೆ. ಬಂದ ಮೇಲೆ ಅದು ಸುಮ್ಮನೆ ಕೂತಿಲ್ಲ. ‘ಟವರ್ ಸಿಗವಲ್ದುರಿ’, ‘ನಮ್ಮ ಹೊಲದಾಗ ಟವರ್ ಇಲ್ಲ’ ಎಂದರೆ ಕಬ್ಬಿಣದ ಕಂಬ ಇಲ್ಲ ಎಂದಲ್ಲ, ಫೋನಿಗೆ ಸಿಗ್ನಲ್ ಇಲ್ಲ ಎಂದು. ಎದುರಿಗೆ ಕಂಬ ಕಾಣುತ್ತಿದ್ದರೂ ‘ಟವರ್ ಇಲ್ಲ’ ಎನ್ನಬಹುದು, ಯಾರೂ ನಗುವುದಿಲ್ಲ. ಕಟ್ಟಡದ ಹೆಸರು ಕಣ್ಣಿಗೆ ಕಾಣದ ಅಲೆಗೆ ಹೋಯಿತು. ಬಾಗಿಲಿನ ಹೆಸರು ಎತ್ತರಕ್ಕೆ ಹೋದದ್ದೂ ಹೀಗೆಯೇ, ಜನ ಯಾವುದನ್ನು ಗಮನಿಸುತ್ತಾರೋ ಅದರ ಕಡೆಗೆ. ದಂತಗೋಪುರ ಎಂಬ ಮಾತೂ ಹೊರಗಿನದೇ, ಫ್ರೆಂಚ್ ವಿಮರ್ಶಕ ಸಾಂತ್ ಬವ್ 1837ರಲ್ಲಿ ಬಳಕೆಗೆ ತಂದ ಪ್ರಯೋಗದ ಅನುವಾದ. ಜನರಿಂದ ದೂರ, ಬಾಗಿಲು ಹಾಕಿಕೊಂಡು ಕೂತ ಪಂಡಿತನನ್ನು ಹೇಳಲು ನಾವು ಆರಿಸಿದ ಪದದ ಅರ್ಥವೇ ಬಾಗಿಲು!

ಕಳಶ ಸಿಡಿಲನ್ನು ತಡೆಯುತ್ತದೆಯೇ?

ಗೋಪುರದ ಹೆಸರಿನಲ್ಲಿ ಪ್ರತಿ ಮುಂಗಾರಿಗೆ ಮೊದಲು ಫೋನಿನಿಂದ ಫೋನಿಗೆ ಓಡಾಡುವ ಸಂದೇಶವೊಂದಿದೆ. ಗೋಪುರದ ಕಳಶದೊಳಗೆ ಭತ್ತ, ರಾಗಿ, ಜೋಳದಂಥ ಧಾನ್ಯ ತುಂಬಿರುತ್ತಾರೆ, ಅವು ಸಿಡಿಲನ್ನು ಹೀರಿಕೊಳ್ಳುತ್ತವೆ, ಗೋಪುರದ ಎತ್ತರದ ಹಲವು ಪಟ್ಟು ದೂರದವರೆಗೆ ಜನರನ್ನು ಕಾಪಾಡುತ್ತವೆ, ಹನ್ನೆರಡು ವರ್ಷಕ್ಕೊಮ್ಮೆ ಧಾನ್ಯ ಬದಲಿಸುವುದು ಅದಕ್ಕೇ ಎಂದು ಅದರ ಸಾರ. ಧಾನ್ಯ ತುಂಬುವ ಆಚರಣೆ ನಿಜ, ಸಮೃದ್ಧಿಯ ಸಂಕೇತವಾಗಿ ಅದಕ್ಕೆ ಬೆಲೆಯೂ ಇದೆ. ಸಿಡಿಲಿನ ಭಾಗ ಮಾತ್ರ ನಿಜವಲ್ಲ. ಇದನ್ನು ನಂಬಿ ಮಳೆಗುಡುಗಿನಲ್ಲಿ ಗುಡಿಯ ಬಯಲಲ್ಲಿ ನಿಲ್ಲುವವರು ಇರುವುದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

ಒಂದು ಸಾಮಾನ್ಯ ಸಿಡಿಲಿನಲ್ಲಿ ಹರಿಯುವ ವಿದ್ಯುತ್ತು ಸುಮಾರು 30,000 ಆಂಪಿಯರ್. ಅದರ ಹಾದಿಯ ಗಾಳಿ ಕ್ಷಣಮಾತ್ರದಲ್ಲಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ. ಇದನ್ನು ಯಾವ ಧಾನ್ಯವೂ ಹೀರಲಾರದು. ಒಣಗಿದ ಕಾಳು ವಿದ್ಯುತ್ತನ್ನು ಸರಿಯಾಗಿ ಹರಿಯಲೂ ಬಿಡುವುದಿಲ್ಲ. ಮಿಂಚುವಾಹಕ ಕೆಲಸ ಮಾಡುವುದು ಸಿಡಿಲನ್ನು ನುಂಗಿಯಲ್ಲ, ದಾರಿ ತೋರಿಸಿ. ಮೇಲೆ ಲೋಹದ ಕಡ್ಡಿ, ಅಲ್ಲಿಂದ ತುಂಡಾಗದೆ ನೆಲದವರೆಗೆ ಇಳಿಯುವ ದಪ್ಪ ತಾಮ್ರ ಅಥವಾ ಕಬ್ಬಿಣದ ಪಟ್ಟಿ, ನೆಲದೊಳಗೆ ತೇವ ಮಣ್ಣಿನಲ್ಲಿ ಹೂತ ಅರ್ಥಿಂಗ್. ಮೂರರಲ್ಲಿ ಒಂದು ತಪ್ಪಿದರೂ ಪ್ರಯೋಜನವಿಲ್ಲ. ಕಳಶ ತಾಮ್ರದ್ದೇ ಇರಬಹುದು, ಆದರೆ ಅದರ ಕೆಳಗಿರುವುದು ಇಟ್ಟಿಗೆ, ಗಾರೆ, ಕಲ್ಲು. ಅಲ್ಲಿಗೆ ಬಡಿದ ಸಿಡಿಲು ಸಂದಿಗಳ ತೇವದಲ್ಲಿ ದಾರಿ ಹುಡುಕುತ್ತದೆ, ಆ ನೀರು ತಟ್ಟನೆ ಹಬೆಯಾಗಿ ಹಿಗ್ಗಿ ಕಟ್ಟಡವನ್ನು ಸೀಳುತ್ತದೆ.

ಎತ್ತರದ ಕಟ್ಟಡಕ್ಕೆ ಸಿಡಿಲು ಬಡಿಯುವ ಸಂಭವ ಹೆಚ್ಚು ಎಂಬುದು ಸರಿ. ಇದರಲ್ಲಿ ಧರ್ಮದ ಭೇದವಿಲ್ಲ. ವೆನಿಸ್ ನಗರದ ಸೇಂಟ್ ಮಾರ್ಕ್ ಗಂಟೆಗೋಪುರಕ್ಕೆ ಶತಮಾನಗಳ ಕಾಲ ಮತ್ತೆ ಮತ್ತೆ ಸಿಡಿಲು ಬಡಿದು ಹಾನಿಯಾಗುತ್ತಿತ್ತು. 1776ರಲ್ಲಿ ಅದಕ್ಕೆ ಬೆಂಜಮಿನ್ ಫ್ರಾಂಕ್ಲಿನ್ ಕಂಡುಹಿಡಿದ ಬಗೆಯ ಮಿಂಚುವಾಹಕ ಹಾಕಿದರು. 2021ರ ಜುಲೈನಲ್ಲಿ ಗುಜರಾತಿನ ದ್ವಾರಕೆಯ ದೇವಾಲಯದ ಧ್ವಜಕ್ಕೆ ಸಿಡಿಲು ಬಡಿದು ಬಟ್ಟೆ ಹರಿಯಿತು, ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಅದಕ್ಕೆ ಎರಡು ದಿನ ಮೊದಲು, ಜುಲೈ 11ರಂದು, ಜೈಪುರದ ಆಮೇರ್ ಕೋಟೆಯ ಬಳಿಯ ಕಾವಲು ಗೋಪುರದ ಮೇಲೆ ಮಳೆಯಲ್ಲಿ ಫೋಟೊ ತೆಗೆದುಕೊಳ್ಳುತ್ತಿದ್ದವರಿಗೆ ಸಿಡಿಲು ಬಡಿದು 11 ಜನ ಸತ್ತರು. ದೇಶದಲ್ಲಿ ವರ್ಷಕ್ಕೆ 2,500ಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಾರೆ. ಉತ್ತರ ಕರ್ನಾಟಕದಲ್ಲಿ ಏಪ್ರಿಲ್, ಮೇ ತಿಂಗಳ ಅಡ್ಡಮಳೆಯ ಹೊತ್ತು ಹೆಚ್ಚು ಅಪಾಯದ್ದು, ಹೊಲದಲ್ಲಿ ಕೆಲಸ ಮಾಡುವವರು, ಕುರಿ ಕಾಯುವವರು ಸಿಕ್ಕಿಬೀಳುತ್ತಾರೆ.

ಧಾನ್ಯವನ್ನು ಬೀಜವಾಗಿ ಕಾಪಿಡಲೆಂದೇ ಕಳಶದಲ್ಲಿ ಇಡುತ್ತಿದ್ದರು, ಪ್ರವಾಹ ಬಂದರೆ ಬಿತ್ತಲು ಬೇಕಾಗುತ್ತದೆ ಎಂಬ ಇನ್ನೊಂದು ಮಾತೂ ಆ ಸಂದೇಶದಲ್ಲಿರುತ್ತದೆ. ಬೀಜ ಬಹುಕಾಲ ಮೊಳೆಯುವ ಶಕ್ತಿ ಉಳಿಸಿಕೊಳ್ಳಲು ತಂಪು ಮತ್ತು ಒಣಹವೆ ಬೇಕು. ಬಿಸಿಲಿಗೆ ಕಾಯುವ ಲೋಹದ ಪಾತ್ರೆ ಅದಕ್ಕೆ ತಕ್ಕ ಜಾಗವಲ್ಲ. ನಮ್ಮ ಹಿರಿಯರು ಬೀಜದ ಜೋಳವನ್ನು ಬೂದಿ, ಬೇವಿನೆಲೆ ಬೆರೆಸಿ ಮನೆಯೊಳಗಿನ ನೆರಳಲ್ಲಿ ಇಡುತ್ತಿದ್ದದ್ದು ಸುಮ್ಮನೆ ಅಲ್ಲ.

ಗುಡುಗು ಕೇಳಿಸಿತು ಎಂದರೆ ಸಿಡಿಲು ಬಡಿಯುವಷ್ಟು ಹತ್ತಿರವಿದೆ ಎಂದೇ ಲೆಕ್ಕ. ಗಟ್ಟಿ ಕಟ್ಟಡದ ಒಳಗೆ ಅಥವಾ ಮುಚ್ಚಿದ ವಾಹನದೊಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಅಲ್ಲೇ ಇರಿ. ಒಂಟಿ ಮರ, ಹಳೆಯ ಹುಡೇ, ಗೋಪುರದ ಬುಡ, ನಾಲ್ಕು ಕಂಬದ ತೆರೆದ ಮಂಟಪ, ತಗಡಿನ ಚಪ್ಪರ ಇವು ಯಾವುವೂ ಆಸರೆಯಲ್ಲ. ಗುಡಿಯೊಳಗಿದ್ದರೆ ಗಂಟೆಯ ಸರಪಳಿ, ಕಬ್ಬಿಣದ ಕಟಾಂಜನ ಮುಟ್ಟದೆ ಗೋಡೆಯಿಂದ ದೂರ ನಿಲ್ಲಿ. ಗುಡಿಗೆ ಎತ್ತರದ ಗೋಪುರ ಕಟ್ಟಿಸುವ ಸಮಿತಿಯವರು ಅಂದಾಜುಪಟ್ಟಿಯಲ್ಲಿ ಮಿಂಚುವಾಹಕಕ್ಕೂ, ವರ್ಷಕ್ಕೊಮ್ಮೆ ಅದರ ಅರ್ಥಿಂಗ್ ಪರೀಕ್ಷೆಗೂ ದುಡ್ಡು ಇಡಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಮತ್ತು ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ಎಂಬ ಆ್ಯಪ್‌ಗಳು ನೀವಿರುವ ಜಾಗದ ಸುತ್ತ ಸಿಡಿಲಿನ ಮುನ್ಸೂಚನೆ ಕೊಡುತ್ತವೆ.

ಸಿಡಿಲು ಬಡಿದವರನ್ನು ಮುಟ್ಟಿದರೆ ತಮಗೂ ಶಾಕ್ ಹೊಡೆಯುತ್ತದೆ ಎಂದು ಹೆದರಿ ದೂರ ನಿಲ್ಲುವುದು, ಸಗಣಿಯಲ್ಲಿ ಹೂಳುವುದು ಇನ್ನೂ ಕೆಲವೆಡೆ ಉಂಟು. ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ, ಧಾರಾಳವಾಗಿ ಮುಟ್ಟಬಹುದು. ಉಸಿರು, ನಾಡಿ ನಿಂತಿದ್ದರೆ ಕೂಡಲೇ ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಿ, ಜೊತೆಗಿದ್ದವರು 108ಕ್ಕೆ ಕರೆ ಮಾಡಲಿ. ಸಿಡಿಲಿನಿಂದ ಹೃದಯ ನಿಂತವರಲ್ಲಿ ಹೀಗೆ ತಕ್ಷಣ ಒತ್ತಿದ್ದರಿಂದ ಬದುಕಿದವರು ಬಹಳ ಜನ ಇದ್ದಾರೆ.